ಆಂಗ್ರ್‌ನ ಪೆನ್ಸಿಲ್ ಮುಖಗಳು: ಪ್ಯಾರಿಸ್ಸಿನಿಂದ ಮೊಂತೋಬಾನ್‌ವರೆಗೆ

ಬುಧವಾರ, ಪ್ಯಾರಿಸ್

ಲೂವ್ರ್ ಸಂಗ್ರಹಾಲಯದಲ್ಲಿ ಗೋಡೆಯ ಮೇಲಿರುವ ಚಿತ್ರಗಳಿಗಿಂತ ಪೆಟ್ಟಿಗೆಯೊಳಗಿರುವ ಚಿತ್ರಗಳೇ ಹೆಚ್ಚು. ಕಾಗದದ ಮೇಲೆ ಬರೆದ, ಅಚ್ಚೊತ್ತಿದ ಲಕ್ಷಕ್ಕೂ ಮಿಕ್ಕಿದ ಕೃತಿಗಳು ಅಲ್ಲಿ ಕತ್ತಲಿನಲ್ಲಿ ಮಲಗಿರುತ್ತವೆ. ಬೆಳಕು ಬಿದ್ದಷ್ಟೂ ಕಾಗದ ಹಳದಿಗಟ್ಟಿ ಪೆಡಸಾಗುವುದರಿಂದ, ಇಂಥ ಚಿತ್ರಗಳನ್ನು ಹೊರಗಿಟ್ಟಾಗ ದೀಪದ ಬೆಳಕು ಸುಮಾರು 50 ಲಕ್ಸ್ ದಾಟದಂತೆ ನೋಡಿಕೊಳ್ಳುವುದು, ಕೆಲವು ತಿಂಗಳು ತೋರಿಸಿದ ಮೇಲೆ ವರ್ಷಗಟ್ಟಲೆ ವಿಶ್ರಾಂತಿ ಕೊಡುವುದು ದೊಡ್ಡ ಸಂಗ್ರಹಾಲಯಗಳ ರೂಢಿ. ಪೆನ್ಸಿಲ್ಲಿನ ಗೆರೆಗೆ ಬೆಳಕಿನ ಭಯವಿಲ್ಲ. ಗ್ರಾಫೈಟ್ ಎಂದರೆ ಇಂಗಾಲ, ಅದು ಮಾಸುವುದಿಲ್ಲ. ಮುಪ್ಪು ಬರುವುದು ಗೆರೆಯನ್ನು ಹೊತ್ತ ಹಾಳೆಗೆ.

ಆದ್ದರಿಂದ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಚಿತ್ರಕಾರ ಝಾನ್ ಒಗ್ಯೂಸ್ತ್ ದೊಮಿನಿಕ್ ಆಂಗ್ರ್ ಬರೆದ ಪೆನ್ಸಿಲ್ ಭಾವಚಿತ್ರಗಳನ್ನು ನೋಡಬೇಕೆಂದರೆ ಟಿಕೆಟ್ ಕೊಂಡು ಒಳಗೆ ಹೋದರೆ ಸಾಲದು. ಯಾವ ಚಿತ್ರ, ಯಾವ ಕಾರಣಕ್ಕೆ ಎಂದು ಮೊದಲೇ ಬರೆದು ತಿಳಿಸಿ, ದಿನ ಗೊತ್ತುಮಾಡಿಕೊಂಡು, ಸೆನ್ ನದಿಯ ಬದಿಗಿರುವ ಫ್ಲೋರ್ ಭಾಗದ ಅಧ್ಯಯನ ಕೊಠಡಿಗೆ ಹೋಗಬೇಕು. ನಾನು ಧಾರವಾಡದಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು. ಆಂಗ್ರ್‌ನ ಚಿತ್ರಗಳ ಮುದ್ರಿತ ಪ್ರತಿಗಳನ್ನು ಹುಡುಗರಿಗೆ ತೋರಿಸಿ, "ಮೂಗಿನ ಪಕ್ಕ ಹೇಗೆ ಗೆರೆಯೇ ಹಾಕಿಲ್ಲ ನೋಡಿ" ಎಂದು ಪಾಠ ಹೇಳಿದ್ದವನಿಗೆ ಮೂಲವನ್ನು ನೋಡುವ ಆಸೆ ಹಳೆಯದು. ನನ್ನ ತಂಗಿಯ ಮಗ ತುಲೂಸ್ ನಗರದಲ್ಲಿ ವಿಮಾನ ಕಾರ್ಖಾನೆಯ ಎಂಜಿನಿಯರ್ ಆಗಿರುವುದರಿಂದ ಈ ಪ್ರವಾಸ ಕೂಡಿಬಂತು.

ಕೊಠಡಿಯಲ್ಲಿ ಪೆನ್ನಿಗೆ ಅವಕಾಶವಿಲ್ಲ. ಟಿಪ್ಪಣಿಯನ್ನೂ ಪೆನ್ಸಿಲ್ಲಿನಲ್ಲೇ ಬರೆದುಕೊಳ್ಳಬೇಕು. ಮೇಜಿನ ಮೇಲೆ ಒರಗುಹಲಗೆಯೊಂದನ್ನಿಟ್ಟು ಅದರ ಮೇಲೆ ಮೊದಲು ತಂದಿರಿಸಿದ್ದು ಪಿಟೀಲುವಾದಕ ನಿಕೊಲೊ ಪಗನಿನಿಯ ಚಿತ್ರ. ಆಂಗ್ರ್ ಇದನ್ನು ಬರೆದದ್ದು ರೋಮಿನಲ್ಲಿ, 1819ರಲ್ಲಿ. ಹಾಳೆ ಸುಮಾರು ಎ4 ಗಾತ್ರದ್ದು. ಮುದ್ರಣದಲ್ಲಿ ಇದನ್ನು ಎಷ್ಟೋ ಸಲ ದೊಡ್ಡದಾಗಿ ನೋಡಿದ್ದ ಕಣ್ಣಿಗೆ, ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಬಿಡುವು ಇರುವುದನ್ನು ಕಂಡು ಆಶ್ಚರ್ಯವಾಯಿತು.

ಪಗನಿನಿ ನಿಂತಿದ್ದಾನೆ. ಪಿಟೀಲು ಕಂಕುಳಲ್ಲಿದೆ, ಕಮಾನು ಬೆರಳುಗಳಲ್ಲಿದೆ, ಆದರೆ ನುಡಿಸುವ ಸಂದರ್ಭ ಇದಲ್ಲ. ಈಗಷ್ಟೇ ನುಡಿಸಿ ಮುಗಿಸಿದವನೋ ಇನ್ನೂ ಶುರುಮಾಡದವನೋ ಹೇಳಲಾಗುವುದಿಲ್ಲ. ಹಿಂದೆ ಗೋಡೆಯಿಲ್ಲ, ಕುರ್ಚಿಯಿಲ್ಲ, ಕಿಟಕಿಯಿಲ್ಲ, ಬರೀ ಕಾಗದ. ಮುಖದ ಮೇಲೆ ಮಾತ್ರ ಆಂಗ್ರ್ ತನ್ನ ತಾಳ್ಮೆಯನ್ನೆಲ್ಲ ಸುರಿದಿದ್ದಾನೆ. ಮೇಲಿನ ರೆಪ್ಪೆಯ ಅಂಚಿಗೆ ಪೆನ್ಸಿಲ್ ನಾಲ್ಕಾರು ಸಲ ಹೋಗಿ ಬಂದು ಗೆರೆ ಕಪ್ಪಾಗಿದೆ, ಕೆಳಗಿನ ರೆಪ್ಪೆಗೆ ಒಮ್ಮೆ ಮಾತ್ರ ಸವರಿದೆ. ತುಟಿಗಳೆರಡೂ ಕೂಡುವ ಗೆರೆ ನಡುವೆ ದಟ್ಟವಾಗಿದ್ದು ಎರಡೂ ಕೊನೆಗಳತ್ತ ಕರಗುತ್ತ ಹೋಗುತ್ತದೆ. ನಗು ಇದೆ ಎಂದರೆ ಇದೆ, ಇಲ್ಲವೆಂದರೆ ಇಲ್ಲ. ಕೆನ್ನೆಯ ನೆರಳು ಬರಿಗಣ್ಣಿಗೆ ಉಸಿರು ತಾಗಿದ ಗಾಜಿನಂತೆ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಅದು ಉಜ್ಜಿದ್ದಲ್ಲ, ಕೂದಲಿಗಿಂತ ತೆಳ್ಳಗಿನ ಗೆರೆಗಳನ್ನು ಒಂದರ ಪಕ್ಕ ಒಂದು ಹೊಂದಿಸಿ ತಂದದ್ದು ಎಂದು ತಿಳಿಯುತ್ತದೆ. ನಮ್ಮ ಶಾಲೆಗಳಲ್ಲಿ ಹುಡುಗರು ಹತ್ತಿಯಿಂದಲೋ ಬೆರಳಿನಿಂದಲೋ ಉಜ್ಜಿ ಶೇಡಿಂಗ್ ಮಾಡುತ್ತಾರಲ್ಲ, ಆ ಹೊಗೆ ಇಲ್ಲಿಲ್ಲ. ಆದ್ದರಿಂದಲೇ ನೆರಳಿನೊಳಗೂ ಕಾಗದದ ಬಿಳುಪು ಇಣುಕುತ್ತದೆ.

ಕತ್ತುಪಟ್ಟಿಯಿಂದ ಕೆಳಗೆ ಬಂದೊಡನೆ ಕೈಯ ನಡಿಗೆಯೇ ಬದಲಾಗುತ್ತದೆ. ಕೋಟಿನ ಗೆರೆಗಳು ವೇಗವಾಗಿ, ಉದ್ದವಾಗಿ, ಅಲ್ಲಲ್ಲಿ ತುಂಡಾಗಿ, ಎಲ್ಲೋ ಒಂದೆಡೆ ದಪ್ಪಗೆ ಒತ್ತಿ ಹರಿಯುತ್ತವೆ. ಕೋಟು ಕೋಟೆಂದು ತಿಳಿದರೆ ಸಾಕು, ಅದರ ಬಟ್ಟೆಯ ಬಗ್ಗೆ ಆತನಿಗೆ ಹೆಚ್ಚಿನ ಆಸಕ್ತಿಯಿಲ್ಲ. ತೈಲವರ್ಣದಲ್ಲಿ ರೇಷ್ಮೆಯ ಒಂದೊಂದು ಮಡಿಕೆಗೂ ವಾರಗಟ್ಟಲೆ ಒದ್ದಾಡುತ್ತಿದ್ದ ಮನುಷ್ಯ ಇವನೇ ಎಂದು ನಂಬುವುದು ಕಷ್ಟ. ಮುಖದಲ್ಲಿ ಸಾಂದ್ರವಾಗಿ, ಮೈಯಲ್ಲಿ ವಿರಳವಾಗಿ, ಅಂಚಿನಲ್ಲಿ ಏನೂ ಇಲ್ಲದೆ ಹೀಗೆ ಸಡಿಲವಾಗುತ್ತ ಹೋಗುವುದರಿಂದ, ನೋಡುವವರ ಕಣ್ಣು ಎಲ್ಲಿಗೆ ಹೋದರೂ ಜಾರಿ ಮತ್ತೆ ಮುಖಕ್ಕೇ ಬರುತ್ತದೆ, ಬಂದು ಅಲ್ಲೇ ನಿಲ್ಲುತ್ತದೆ. ಈ ಚಿತ್ರಗಳ ಮೌನದ ಬಗ್ಗೆ ಬರೆದವರು ಬಹಳ ಜನ. ಅವರಲ್ಲಿ ಹೆಚ್ಚಿನವರು ಆ ಮೌನವನ್ನು ಪಗನಿನಿಯ ಅಂತರಂಗದಲ್ಲಿ ಹುಡುಕುತ್ತಾರೆ. ನನಗೆ ಅದು ಮೊದಲು ಕಂಡದ್ದು ಗೆರೆಗಳ ಈ ಲೆಕ್ಕಾಚಾರದಲ್ಲಿ.

ಏಕೆಂದರೆ ಇದೇ ಮನುಷ್ಯನ ಇನ್ನೊಂದು ಚಿತ್ರವಿದೆ. ಫ್ರೆಂಚ್ ಚಿತ್ರಕಾರ ದೆಲಾಕ್ರವಾ 1831ರಲ್ಲಿ ಬರೆದ ಪುಟ್ಟ ತೈಲಚಿತ್ರ ಅದು, ಈಗ ವಾಷಿಂಗ್ಟನ್ನಿನ ಫಿಲಿಪ್ಸ್ ಸಂಗ್ರಹದಲ್ಲಿದೆ. ಅದರಲ್ಲಿ ಪಗನಿನಿ ಕತ್ತಲೆಯೊಳಗಿಂದ ಎದ್ದುಬಂದ ನೆರಳಿನಂತೆ ಮೈ ಬಳುಕಿಸಿ ನುಡಿಸುತ್ತಿದ್ದಾನೆ. ಸೈತಾನನೊಂದಿಗೆ ಒಪ್ಪಂದ ಮಾಡಿಕೊಂಡವನೆಂದು ಯುರೋಪಿನ ಬೀದಿಗಳಲ್ಲಿ ಹಬ್ಬಿದ್ದ ಗುಲ್ಲಿಗೆ ಒಪ್ಪುವಂಥ ರೂಪ. ಆದರೆ ಪಗನಿನಿ ಇಟಲಿಯ ಹೊರಗೆ ಹೆಸರಾದದ್ದು 1828ರಲ್ಲಿ ವಿಯೆನ್ನಾದಲ್ಲಿ ನುಡಿಸಿದ ಮೇಲೆ. ಆಂಗ್ರ್‌ನ ಎದುರಿಗೆ ನಿಂತಾಗ ಆತನಿಗಿನ್ನೂ ನಲವತ್ತಾಗಿರಲಿಲ್ಲ, ಸೈತಾನನ ಕಥೆಗೆ ಇನ್ನೂ ಆ ಪ್ರಚಾರ ಸಿಕ್ಕಿರಲಿಲ್ಲ. ಆಂಗ್ರ್ ಸ್ವತಃ ಪಿಟೀಲು ನುಡಿಸಬಲ್ಲವನು, ಹುಡುಗನಾಗಿದ್ದಾಗ ತುಲೂಸ್‌ನ ವಾದ್ಯವೃಂದದಲ್ಲಿ ಕೂತು ನುಡಿಸಿದವನು. ಒಬ್ಬ ವಾದಕ ಇನ್ನೊಬ್ಬ ವಾದಕನನ್ನು ಕಚೇರಿಯ ಹೊರಗೆ ನೋಡಿದ ಹಾಗಿದೆ ಈ ಚಿತ್ರ.

ಎರಡನೆಯದಾಗಿ ತಂದದ್ದು 1818ರ ಸ್ಟಮಾಟಿ ಕುಟುಂಬದ ಚಿತ್ರ. ತಂದೆ, ತಾಯಿ, ಮೂವರು ಮಕ್ಕಳು, ಒಂದು ಪಿಯಾನೊ. ಪಿಯಾನೊದ ಬಳಿಯಿರುವ ಹುಡುಗಿಯ ಕೈ ಅದರ ಕೀಲಿಗಳ ಮೇಲಿದ್ದರೂ ಅವಳ ಮನಸ್ಸು ಅತ್ತ ಇಲ್ಲ. ಐದು ಜನರಿರುವ ಮನೆಯಲ್ಲಿ ಇಷ್ಟು ಸದ್ದಿಲ್ಲದಿರುವುದು ಸಾಧ್ಯವೇ ಎಂದು ಯಾರಿಗಾದರೂ ಅನಿಸಬೇಕು. ಆ ಮಕ್ಕಳಲ್ಲಿ ಒಬ್ಬ, ಆಗ ಏಳರ ಆಸುಪಾಸಿನ ಕಮೀ, ಮುಂದೆ ಪ್ಯಾರಿಸ್ಸಿನಲ್ಲಿ ಹೆಸರಾಂತ ಪಿಯಾನೊ ಶಿಕ್ಷಕನಾಗಿ ಸಂಗೀತಕಾರ ಸೆನ್ ಸಾನ್ಸ್‌ನಿಗೆ ಬಾಲ್ಯದಲ್ಲಿ ಪಾಠ ಹೇಳಿದ. ಚಿತ್ರ ಅಪೂರ್ವವಾದದ್ದೇ, ಆದರೆ ನನಗೆ ಅದು ಸ್ವಲ್ಪ ಏರ್ಪಾಟಿನದಾಗಿ ಕಂಡಿತು. ನಮ್ಮ ಹಳೆಯ ಸ್ಟುಡಿಯೋಗಳ ಕುಟುಂಬದ ಫೋಟೋ ನೆನಪಾಗಿ, ಮತ್ತೆ ಪಗನಿನಿಯನ್ನೇ ಕೊಡಿ ಎಂದು ಕೇಳಿದೆ. ಅಲ್ಲಿದ್ದ ಸಿಬ್ಬಂದಿ ಏನೂ ಬೇಸರಿಸದೆ ಪೆಟ್ಟಿಗೆಯನ್ನು ಪುನಃ ತಂದಿಟ್ಟರು.

ಗುರುವಾರ, ರೈಲಿನಲ್ಲಿ

ಬೆಳಗಿನ ರೈಲು ಓಸ್ಟರ್‌ಲಿಟ್ಜ್ ನಿಲ್ದಾಣದಿಂದ ಹೊರಟು ಲಿಮೋಜ್, ಬ್ರೀವ್, ಕಾಓರ್ ಊರುಗಳ ಮೇಲೆ ದಕ್ಷಿಣಕ್ಕೆ ಇಳಿಯುತ್ತದೆ. ಬೋರ್ಡೋ ಮೇಲೆ ಹೋಗುವ ವೇಗದ ರೈಲು ಇದಕ್ಕಿಂತ ಬೇಗ ತಲಪುತ್ತದೆಯಾದರೂ, ಹಳೆಯ ದಾರಿಯ ರೈಲಿನಲ್ಲಿ ಟಿಪ್ಪಣಿಗಳನ್ನು ತಿದ್ದಲು ಪುರುಸೊತ್ತು ಸಿಗುತ್ತದೆ. ಕಿಟಕಿಯ ಹೊರಗಿನದನ್ನು ಇಲ್ಲಿ ವರ್ಣಿಸುವುದಿಲ್ಲ.

ಆಂಗ್ರ್‌ನಿಗೆ ಈ ಪೆನ್ಸಿಲ್ ಭಾವಚಿತ್ರಗಳು ಹೊಟ್ಟೆಪಾಡಿನ ಕೆಲಸವಾಗಿದ್ದವು. 1780ರಲ್ಲಿ ಮೊಂತೋಬಾನ್‌ನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಚಿತ್ರಕಾರ ದಾವಿದ್‌ನ ಕೈಕೆಳಗೆ ಕಲಿತು, 1801ರಲ್ಲಿ, ಸರ್ಕಾರದ ಖರ್ಚಿನಲ್ಲಿ ರೋಮಿಗೆ ಹೋಗಿ ಕಲಿಯಲು ಅವಕಾಶ ಕೊಡುವ ರೋಮ್ ಬಹುಮಾನ ಗಿಟ್ಟಿಸಿ, ಸರ್ಕಾರದ ಬೊಕ್ಕಸದಲ್ಲಿ ಹಣವಿಲ್ಲದ ಕಾರಣ ಐದು ವರ್ಷ ಕಾದು, 1806ರಲ್ಲಿ ಆತ ರೋಮ್ ತಲಪಿದ. ನೆಪೋಲಿಯನ್ನನ ಆಡಳಿತ ಇದ್ದಷ್ಟು ಕಾಲ ಅಲ್ಲಿನ ಫ್ರೆಂಚ್ ಅಧಿಕಾರಿಗಳು ಚಿತ್ರ ಬರೆಸಿಕೊಳ್ಳುತ್ತಿದ್ದರು. ಆ ಸಾಮ್ರಾಜ್ಯ ಕುಸಿದಾಗ ಗಿರಾಕಿಗಳು ಗಂಟುಮೂಟೆ ಕಟ್ಟಿದರು. ಅಷ್ಟರಲ್ಲಿ, 1813ರಲ್ಲಿ, ಮದ್ಲೆನ್ ಶಾಪೆಲ್ ಎಂಬಾಕೆಯನ್ನು ಮುಖ ನೋಡದೆ ಪತ್ರದಲ್ಲೇ ಮಾತುಕತೆ ಮುಗಿಸಿ ಮದುವೆಯೂ ಆಗಿದ್ದ. ಯುದ್ಧ ಮುಗಿದ 1815ರ ನಂತರ ಇಂಗ್ಲೆಂಡಿನ ಸಿರಿವಂತರು ಹಿಂಡುಹಿಂಡಾಗಿ ರೋಮ್ ನೋಡಲು ಬಂದರು. ನೆನಪಿಗೊಂದು ಭಾವಚಿತ್ರ ಬರೆಸಿಕೊಂಡು ಹೋಗುವುದು ಅವರ ಶೋಕಿ. ಆಂಗ್ರ್ ಬದುಕಿದ್ದು ಅವರ ದುಡ್ಡಿನಲ್ಲಿ. ಚಿಕ್ಕ ಭಾವಚಿತ್ರ ಬರೆಯುವವನ ಮನೆ ಇದೇ ಏನು ಎಂದು ಬಾಗಿಲು ತಟ್ಟಿ ಕೇಳಿದವನಿಗೆ, ಇಲ್ಲ, ಇಲ್ಲಿರುವವನು ವರ್ಣಚಿತ್ರಕಾರ ಎಂದು ಸಿಡುಕಿ ಬಾಗಿಲು ಹಾಕಿದನೆಂಬ ಕಥೆಯೊಂದಿದೆ. ನಿಜವೋ ಕಟ್ಟಿದ್ದೋ, ಅವನ ಸ್ವಭಾವಕ್ಕೆ ಹೊಂದುವ ಕಥೆ.

ಒಂದು ಚಿತ್ರಕ್ಕೆ ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂಬುದನ್ನು ಅವನ ಶಿಷ್ಯರು ಹೇಳಿಟ್ಟಿದ್ದಾರೆ: ಬೆಳಿಗ್ಗೆ ಒಂದೂವರೆ ಗಂಟೆ, ಮಧ್ಯಾಹ್ನದ ಮೇಲೆ ಎರಡೂವರೆ ಗಂಟೆ. ಮರುದಿನ ತಿದ್ದುವುದು ಅಪರೂಪ. ನಡುವೆ ಬರೆಸಿಕೊಳ್ಳುವವರೊಂದಿಗೆ ಕೂತು ಊಟ ಮಾಡುತ್ತಿದ್ದ, ಅವರು ಮೈಮರೆತು ಸಹಜವಾಗಿರುವುದನ್ನು ಆಗ ಗಮನಿಸಿಕೊಳ್ಳುತ್ತಿದ್ದ. ಈ ಊಟದ ವಿಷಯ ನನಗೆ ಬಹಳ ಮುಖ್ಯವೆನಿಸುತ್ತದೆ. ಎದುರಿಗೆ ಕೂರಿಸಿಕೊಂಡ ವ್ಯಕ್ತಿ ಮೊದಲ ಅರ್ಧ ಗಂಟೆ ಬಿಗಿಯಾಗಿರುತ್ತಾನೆ, ಆಮೇಲೆ ಆಕಳಿಸುತ್ತಾನೆ ಎಂಬುದು ಭಾವಚಿತ್ರ ಬರೆದವರಿಗೆಲ್ಲ ಗೊತ್ತು. ಬಿಗಿ ಸಡಿಲಿ ಆಕಳಿಕೆ ಇನ್ನೂ ಶುರುವಾಗದ ನಡುವಣ ಹೊತ್ತು ಬಹಳ ಚಿಕ್ಕದು. ಉಂಡು, ನಾಲ್ಕು ಮಾತಾಡಿ, ಮತ್ತೆ ಅದೇ ಜಾಗಕ್ಕೆ ಬಂದು ಕೂತ ಮನುಷ್ಯನಲ್ಲಿ ಆ ಹೊತ್ತು ತಾನಾಗಿ ಹಿಗ್ಗುತ್ತದೆ. ಆಂಗ್ರ್‌ನ ಚಿತ್ರಗಳಲ್ಲಿನ ನೆಮ್ಮದಿಯಲ್ಲಿ ಅರ್ಧ ಪಾಲು ಊಟದ್ದು ಎಂದರೆ ನಗೆಪಾಟಲಾದೀತು, ಆದರೆ ನಾನು ಹಾಗೆಯೇ ನಂಬುತ್ತೇನೆ.

ಉಳಿದ ಪಾಲು ಸಾಮಗ್ರಿಯದು. ಇಂಗ್ಲೆಂಡಿನ ಬೊರೊಡೇಲ್ ಗಣಿಯ ಗ್ರಾಫೈಟಿಗೆ ಆ ಕಾಲದಲ್ಲಿ ಸಾಟಿಯಿರಲಿಲ್ಲ. 1793ರಲ್ಲಿ ಯುದ್ಧ ಶುರುವಾಗಿ ಅದು ಫ್ರಾನ್ಸಿಗೆ ಬರುವುದು ನಿಂತಾಗ, ನಿಕೊಲಾ ಝಾಕ್ ಕೊಂತೆ ಎಂಬಾತ ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಕಲಸಿ ಕಡ್ಡಿ ಹೊಸೆದು ಸುಡುವ ಉಪಾಯ ಕಂಡುಹಿಡಿದು 1795ರಲ್ಲಿ ಹಕ್ಕುಪತ್ರ ಪಡೆದ. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ, ಗೆರೆ ತಿಳಿ. ಮಣ್ಣು ಕಡಿಮೆಯಾದರೆ ಮೆದು, ಗೆರೆ ಕಪ್ಪು. ಇಂದು ನಾವು ಅಂಗಡಿಯಲ್ಲಿ ಎಚ್‌ಬಿ, 2ಬಿ, 4ಎಚ್ ಎಂದು ಕೇಳಿ ಕೊಳ್ಳುವುದು ಅದೇ ಲೆಕ್ಕದ ಮೇಲೆ. ಸೂಜಿಯಂತೆ ಚೂಪುಮಾಡಿದ ಗಟ್ಟಿ ಕಡ್ಡಿಯಿಲ್ಲದೆ ಪಗನಿನಿಯ ಕೆನ್ನೆ ಸಾಧ್ಯವಿರಲಿಲ್ಲ. ಕಾಗದವೂ ವಿಶೇಷವೇ. ನುಣುಪಾದ ಬಿಳಿ ಹಾಳೆಯನ್ನು ರಟ್ಟಿನ ಮೇಲೆ ಬಿಗಿದು, ನಡುವೆ ಬೇರೆ ಹಾಳೆಗಳನ್ನಿಟ್ಟು, ಅಂಚುಗಳನ್ನು ಹಿಂದಕ್ಕೆ ಮಡಿಸಿ ಅಂಟಿಸಿದ ಹಲಗೆಗಳನ್ನು ಆತ ಬಳಸುತ್ತಿದ್ದ. ಹಾಳೆಯಡಿ ಹಾಳೆಗಳಿರುವುದರಿಂದ ಮೇಲ್ಮೈ ತುಸು ಮೆತ್ತಗೆ ಪುಟಿಯುತ್ತದೆ, ಚೂಪು ಪೆನ್ಸಿಲ್ ಕೊರೆಯದೆ ಜಾರುತ್ತದೆ. ಇಂದು ಅವನ ಹೆಸರಿನಲ್ಲೇ ಮಾರುವ, ಸಾಲುಸಾಲು ಗೀರುಗಳಿರುವ ಒರಟು ಕಾಗದವನ್ನು ನೋಡಿ ಈ ಭಾವಚಿತ್ರಗಳೂ ಅಂಥದರ ಮೇಲೆಯೇ ಆದವು ಎಂದು ತಿಳಿದವರು ಬಹಳ.

ಇಂಗ್ಲಿಷ್ ಕಲಾವಿದ ಡೇವಿಡ್ ಹಾಕ್ನಿ ಎತ್ತಿದ ತಕರಾರನ್ನೂ ಇಲ್ಲಿ ಹೇಳಿಬಿಡಬೇಕು. 1999ರಲ್ಲಿ ಲಂಡನ್ನಿನಲ್ಲಿ ನಡೆದ ಆಂಗ್ರ್ ಭಾವಚಿತ್ರಗಳ ಪ್ರದರ್ಶನ ನೋಡಿದ ಆತ, ಇಷ್ಟು ಚಿಕ್ಕದಾಗಿ, ಇಷ್ಟು ಖಚಿತವಾಗಿ, ಇಷ್ಟು ಬೇಗ ಬರೆಯಲು ಬರಿಗಣ್ಣಿನಿಂದ ಆಗದು, ಕ್ಯಾಮೆರಾ ಲೂಸಿಡಾ ಎಂಬ ಪಟ್ಟಕದ ಸಾಧನ ಬಳಸಿರಬೇಕು ಎಂದ. ಆ ಸಾಧನ 1806ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬಂದಿದ್ದು ನಿಜ. ಅದರಲ್ಲಿ ಎದುರಿನ ಮುಖ ಹಾಳೆಯ ಮೇಲೆ ಬಿದ್ದಂತೆ ಕಾಣುತ್ತದೆ, ಕಣ್ಣು ಮೂಗಿನ ಜಾಗ ಗುರುತುಮಾಡಿಕೊಳ್ಳಬಹುದು. ಆಂಗ್ರ್ ಅದನ್ನು ಬಳಸಿದ್ದಕ್ಕೆ ದಾಖಲೆಯಿಲ್ಲ, ವಾದ ಇನ್ನೂ ನಡೆದೇ ಇದೆ. ಬಳಸಿದ್ದರೂ ನನ್ನ ಮೆಚ್ಚುಗೆಗೇನೂ ಕುಂದಿಲ್ಲ. ಸಾಧನ ತುಟಿ ಎಲ್ಲಿದೆ ಎಂದು ಹೇಳಬಲ್ಲದು. ತುಟಿಯ ಗೆರೆಯನ್ನು ಎಲ್ಲಿ ಬಿಟ್ಟುಬಿಡಬೇಕು ಎಂದು ಹೇಳಲಾರದು.

ಸಂಜೆ ಮೊಂತೋಬಾನ್ ತಲಪಿದಾಗ ತಂಗಿಯ ಮಗ ನಿಲ್ದಾಣದಲ್ಲಿ ಕಾಯುತ್ತಿದ್ದ.

ಶುಕ್ರವಾರ, ಮೊಂತೋಬಾನ್

ಊರೆಲ್ಲ ಗುಲಾಬಿ ಬಣ್ಣದ ಇಟ್ಟಿಗೆ. ತಾರ್ನ್ ನದಿಗೆ ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿದ ಹಳೆಯ ಸೇತುವೆಯೂ ಇಟ್ಟಿಗೆಯದೇ. ಅದರ ತುದಿಗೆ, ಹಿಂದೆ ಬಿಷಪ್ಪರ ಅರಮನೆಯಾಗಿದ್ದ ಕಟ್ಟಡದಲ್ಲಿ ಆಂಗ್ರ್ ಬೂರ್ದೆಲ್ ಸಂಗ್ರಹಾಲಯವಿದೆ. ಶಿಲ್ಪಿ ಬೂರ್ದೆಲ್ ಸಹ ಇದೇ ಊರಿನವನು. 1867ರಲ್ಲಿ ಆಂಗ್ರ್ ತೀರಿಕೊಂಡಾಗ ತನ್ನ ಬಳಿಯಿದ್ದ ರೇಖಾಚಿತ್ರಗಳನ್ನು ಹುಟ್ಟೂರಿಗೆ ಬಿಟ್ಟುಹೋದ. ಸುಮಾರು 4,500 ಹಾಳೆಗಳು. ಅವುಗಳನ್ನು ಸರದಿಯ ಮೇಲೆ, ಮಂದ ಬೆಳಕಿನಲ್ಲಿ ಸ್ವಲ್ಪಸ್ವಲ್ಪವಾಗಿ ತೋರಿಸುತ್ತಾರೆ. ಕೆಲವು ವರ್ಷ ಮುಚ್ಚಿ ನವೀಕರಿಸಿ 2019ರ ಕೊನೆಯಲ್ಲಿ ಮತ್ತೆ ತೆರೆದಿದ್ದಾರೆ. ಅವನ ಪಿಟೀಲು ಕೂಡ ಇಲ್ಲೇ ಇದೆ.

ಈ ರಾಶಿಯಲ್ಲಿ ಬಹುಪಾಲು ಭಾವಚಿತ್ರಗಳಲ್ಲ. ಭಾವಚಿತ್ರಗಳನ್ನು ಬರೆಸಿಕೊಂಡವರು ಒಯ್ದರು. ಸುಮಾರು 450ರಷ್ಟಿರುವ ಅವು ಇಂದು ಪ್ಯಾರಿಸ್, ಲಂಡನ್, ನ್ಯೂಯಾರ್ಕ್, ಇನ್ನೆಲ್ಲೆಲ್ಲೋ ಚದುರಿಹೋಗಿವೆ. ಆಂಗ್ರ್‌ನ ಬಳಿ ಉಳಿದದ್ದು ದೊಡ್ಡ ವರ್ಣಚಿತ್ರಗಳಿಗೆ ಮಾಡಿಕೊಂಡ ಸಿದ್ಧತೆ. ಅವುಗಳನ್ನು ನೋಡುವುದೇ ಒಂದು ಬೇರೆ ಅನುಭವ. ಒಬ್ಬಳೇ ಹೆಂಗಸಿಗೆ ಎರಡು ಮೂರು ಬಲಗೈ: ಒಂದು ಗಲ್ಲಕ್ಕೆ, ಒಂದು ತೊಡೆಯ ಮೇಲೆ, ಒಂದು ಗಾಳಿಯಲ್ಲಿ. ಅಳಿಸಿ ಬರೆದ ಭುಜ, ಅಂಚಿನಲ್ಲಿ ಬೇರೆಯಾಗಿ ಬರೆದ ಹೆಬ್ಬೆರಳು, ಅಲ್ಲೇ ಗೀಚಿಕೊಂಡ ಟಿಪ್ಪಣಿ, ದೊಡ್ಡದುಮಾಡಲು ಎಳೆದ ಚೌಕಳಿ. ಗದ್ದಲವೆಂದರೆ ಗದ್ದಲ. ನಾನು ಒಂದು ಹಾಳೆಯ ಮುಂದೆ ಬಹಳ ಹೊತ್ತು ನಿಂತು, ಅವನು ಕೊನೆಗೆ ಯಾವ ಕೈಯನ್ನು ಉಳಿಸಿಕೊಂಡಿರಬಹುದೆಂದು ಊಹಿಸುತ್ತ ಹೋದೆ. ತಂಗಿಯ ಮಗ ಮೊಬೈಲಿನಲ್ಲಿ ವರ್ಣಚಿತ್ರವನ್ನು ತೆಗೆದು ತೋರಿಸಿದಾಗ ಯಾವುದೂ ಅಲ್ಲ, ನಾಲ್ಕನೆಯ ಒಂದು ಭಂಗಿ ಅಲ್ಲಿತ್ತು.

ಅದೇ ಕೈ, ಅದೇ ಪೆನ್ಸಿಲ್, ಅದೇ ವರ್ಷಗಳು. ಆದರೆ ಭಾವಚಿತ್ರದಲ್ಲಿ ಈ ಒದ್ದಾಟದ ಸುಳಿವೂ ಇಲ್ಲ. ಕಾರಣ ಹುಡುಕಬೇಕಾದದ್ದು ಇಲ್ಲಿ ಎಂದು ನನಗೆ ಹೊಳೆಯಿತು. ಐತಿಹಾಸಿಕ ಚಿತ್ರಕ್ಕೆ ಆಂಗ್ರ್ ಇಲ್ಲದ ಭಂಗಿಯೊಂದನ್ನು ಮನಸ್ಸಿನಿಂದ ಹುಟ್ಟಿಸಬೇಕಾಗಿತ್ತು, ದೇವಿಯೋ ರಾಜನೋ ಹೀಗೆ ನಿಂತರೆ ಘನತೆ ಬಂದೀತೇ ಹಾಗೆ ನಿಂತರೆ ಬಂದೀತೇ ಎಂಬ ಚಿಂತೆ ಅವನನ್ನು ಅರೆಯುತ್ತಿತ್ತು. ಎದುರಿಗೆ ಒಬ್ಬ ಮನುಷ್ಯ ಇದ್ದಾನೆ, ಮಧ್ಯಾಹ್ನ ಜೊತೆಯಲ್ಲಿ ಉಂಡಿದ್ದಾನೆ, ಸಂಜೆಯೊಳಗೆ ಮುಗಿಯಬೇಕು ಎಂದಾಗ ಆ ಚಿಂತೆಯಿಂದ ಬಿಡುಗಡೆ. ಇರುವುದನ್ನು ಇದ್ದ ಹಾಗೆ ನೋಡಿ ಬಿಡುವುದನ್ನು ಬಿಟ್ಟರಾಯಿತು. ತಾನು ಕೀಳೆಂದು ಬಗೆದ ಕೆಲಸದಲ್ಲಿ ಅವನಿಗೆ ಆ ನಿರಾಳ ಸಿಕ್ಕಿತು.

ಆಂಗ್ರ್‌ನ ತಾಯಿ ಆನ್ ಮೂಲೆ ಎಂಬಾಕೆಯ ಚಿತ್ರವೂ ಈ ಊರಿನ ಸಂಗ್ರಹದ್ದೇ. ಆಂಗ್ರ್ ಅದನ್ನು ಬರೆದದ್ದು 1814ರಲ್ಲಿ, ತಂದೆ ತೀರಿಕೊಂಡ ವರ್ಷ. ಕೃತಕ ಕೂದಲು ಕಟ್ಟುವವನ ಮಗಳು, ಓದು ಬರಹ ಅಷ್ಟಾಗಿ ಬಲ್ಲವಳಲ್ಲ. ಮಗನಂತೂ ಹನ್ನೊಂದನೆಯ ವಯಸ್ಸಿಗೇ ತುಲೂಸ್‌ಗೆ, ಅಲ್ಲಿಂದ ಪ್ಯಾರಿಸ್ಸಿಗೆ, ಮತ್ತೆ ರೋಮಿಗೆ ಹೋದವನು. ಇಷ್ಟು ಕಥೆ ಗೊತ್ತಿದ್ದರೆ ಮುಖದಲ್ಲಿ ದುಃಖವನ್ನು ಕಾಣಲು ಕಣ್ಣು ಹಾತೊರೆಯುತ್ತದೆ. ಆದರೆ ಆಂಗ್ರ್ ತಾಯಿಯೆಂದು ಹೆಚ್ಚಿನ ಕರುಣೆ ಸುರಿದಿಲ್ಲ, ಐವತ್ತು ದಾಟಿದ ಮುಖವೆಂದು ಸುಕ್ಕುಗಳನ್ನು ಎಣಿಸಿಯೂ ಇಲ್ಲ. ಕಣ್ಣಿನ ಸುತ್ತ ಪೆನ್ಸಿಲ್ ಮೆಲ್ಲಗೆ ತಿರುಗಿದೆ, ಉಡುಪಿನ ಮೇಲೆ ತೇಲಿಹೋಗಿದೆ. ಮೂರು ವರ್ಷಗಳ ನಂತರ ಆಕೆಯೂ ತೀರಿಕೊಂಡಳು. ಗಿರಾಕಿಗೂ ತಾಯಿಗೂ ಒಂದೇ ಬಗೆಯ ಗಮನ ಕೊಟ್ಟ ಮನುಷ್ಯನನ್ನು ನಿರ್ದಯಿ ಎನ್ನಬೇಕೋ ನಿಷ್ಪಕ್ಷಪಾತಿ ಎನ್ನಬೇಕೋ ತಿಳಿಯದೆ ನಾನು ಆ ಕೊಠಡಿಯಿಂದ ಹೊರಬಂದೆ.

"ಮಾಮಾ, ಫೋಟೋ ಬಂದ ಮ್ಯಾಲೆ ಇವೆಲ್ಲಾ ನಿಂತು ಹೋದ್ವೇನು?" ಎಂದು ಊಟದ ಹೊತ್ತಿನಲ್ಲಿ ತಂಗಿಯ ಮಗ ಕೇಳಿದ.

ನಿಂತದ್ದೇನೋ ಹೌದು. 1839ರಲ್ಲಿ ದಗೇರ್‌ನ ಫೋಟೋ ತೆಗೆಯುವ ವಿಧಾನ ಬಹಿರಂಗವಾದ ಮೇಲೆ ಅಗ್ಗದ ಭಾವಚಿತ್ರದ ವ್ಯಾಪಾರ ಪೂರ್ತಿ ಆ ಕಡೆಗೆ ಹೊರಳಿತು. ಮೊದಲಿನ ಆ ಫೋಟೋಗಳಲ್ಲೂ ಜನ ಶಾಂತವಾಗಿ ಕಾಣುತ್ತಾರೆ. ಆದರೆ ಹೊತ್ತುಗಟ್ಟಲೆ ಅಲುಗಾಡದಿರಲೆಂದು ಕುತ್ತಿಗೆಯ ಹಿಂದೆ ಕಬ್ಬಿಣದ ಹಿಡಿಕೆ ಕೊಟ್ಟು ಕೂರಿಸುತ್ತಿದ್ದರೆಂಬುದನ್ನು ಮರೆಯಬಾರದು. ಆಂಗ್ರ್‌ನ ಎದುರು ಕೂತವರು ಅಲುಗಾಡಬಹುದಿತ್ತು, ಮಾತಾಡಬಹುದಿತ್ತು. 1862ರಲ್ಲಿ, ಛಾಯಾಗ್ರಹಣಕ್ಕೆ ಕಲೆಯ ಪಟ್ಟ ಕೊಡಬಾರದೆಂಬ ಮನವಿಗೆ ಸಹಿ ಹಾಕಿದ ಕಲಾವಿದರಲ್ಲಿ ಎಂಬತ್ತು ದಾಟಿದ ಆಂಗ್ರ್ ಒಬ್ಬ. ವಾದ ಸೋತಿತು, ಸೋಲಬೇಕಾದದ್ದೇ.

ಶನಿವಾರ, ಮೊಂತೋಬಾನ್, ತುಲೂಸ್

ಬೆಳಿಗ್ಗೆ ಊರಿನ ಕೆಥೆಡ್ರಲ್‌ಗೆ ಹೋದೆವು. ಇಟ್ಟಿಗೆಯ ಊರಿನಲ್ಲಿ ಇದೊಂದು ಬಿಳಿ ಕಲ್ಲಿನದು. ಒಳಗೆ ಆಂಗ್ರ್‌ನಿಗೆ ಕಡೆಗೂ ಕೀರ್ತಿ ತಂದುಕೊಟ್ಟ, 1824ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನವಾದ ವರ್ಣಚಿತ್ರವಿದೆ; ಹದಿಮೂರನೆಯ ಲೂಯಿ ತನ್ನ ಕಿರೀಟವನ್ನೂ ರಾಜದಂಡವನ್ನೂ ಮೇರಿಮಾತೆಗೆ ಒಪ್ಪಿಸುತ್ತಿರುವ ದೃಶ್ಯ, ನಾಲ್ಕು ಮೀಟರಿಗೂ ಎತ್ತರ. ಬಣ್ಣ, ಪರದೆ, ದೇವದೂತರು, ಎಲ್ಲವೂ ಇದೆ. ಇಟಲಿಯ ಹಳೆಯ ಚಿತ್ರಕಾರ ರಫೆಲ್‌ನ ಮೇಲಿನ ಭಕ್ತಿ ಎದ್ದು ಕಾಣುತ್ತದೆ. ಆಂಗ್ರ್ ತಾನೆಂದರೆ ಇದು ಎಂದು ತಿಳಿದಿದ್ದ. ನಾನು ಹತ್ತು ನಿಮಿಷ ಕುತ್ತಿಗೆ ಎತ್ತಿ ನೋಡಿ, ನೋಡಬೇಕಾದಷ್ಟು ನೋಡಿದೆನೆಂದುಕೊಂಡು ಹೊರಗೆ ಬಂದೆ.

ಸಂಗ್ರಹಾಲಯದ ಪುಸ್ತಕದ ಅಂಗಡಿಗೆ ಇನ್ನೊಮ್ಮೆ ಹೋದದ್ದು ಮಾತ್ರ ಸಾರ್ಥಕವಾಯಿತು. ಪೆನ್ಸಿಲ್ ಭಾವಚಿತ್ರಗಳ ದಪ್ಪ ಸಂಪುಟವೊಂದರಲ್ಲಿ, ರೋಮಿಗೆ ಬಂದ ಇಂಗ್ಲಿಷರ ಸಾಲಿನಲ್ಲಿ, ಲಾರ್ಡ್ ವಿಲಿಯಂ ಕ್ಯಾವೆಂಡಿಶ್ ಬೆಂಟಿಂಕ್ ಮತ್ತು ಅವನ ಹೆಂಡತಿ ಲೇಡಿ ಮೇರಿ ಎಂಬ ಹೆಸರು ಕಣ್ಣಿಗೆ ಬಿತ್ತು. 1816ರಲ್ಲಿ ಬರೆದದ್ದು, ಮೂಲ ಬಯೋನ್ ಊರಿನ ಬೊನ್ನಾ ಸಂಗ್ರಹಾಲಯದ್ದು. ಹೆಸರನ್ನು ಎರಡು ಸಲ ಓದಿದೆ. ನಮ್ಮ ಶಾಲೆಯ ಇತಿಹಾಸದ ಪುಸ್ತಕದಲ್ಲಿ ಸತಿ ಪದ್ಧತಿ ನಿಲ್ಲಿಸಿದವನೆಂದು ಬರುವ ಬೆಂಟಿಂಕನೇ ಇವನು. ಮದರಾಸಿನ ಗವರ್ನರ್ ಆಗಿದ್ದವನನ್ನು 1806ರ ವೆಲ್ಲೂರು ದಂಗೆಯ ನಂತರ ವಾಪಸು ಕರೆಸಿಕೊಂಡಿದ್ದರು. ಮುಂದೆ ಗವರ್ನರ್ ಜನರಲ್ ಆಗಿ ಬಂದು, ನಗರ ಸೀಮೆಯ ರೈತರ ದಂಗೆಯನ್ನು ನೆಪ ಮಾಡಿಕೊಂಡು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಕಂಪನಿಗೆ ಸೇರಿಸಿಕೊಂಡ. ಮೈಸೂರು ಅರಸರಿಗೆ ಆಡಳಿತ ಮರಳಿದ್ದು 1881ರಲ್ಲಿ, ಮುಮ್ಮಡಿಯವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ.

ಚಿತ್ರದಲ್ಲಿ ಇದಾವುದೂ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. ಮದರಾಸಿನ ಕಹಿ ಹಿಂದಿದ್ದು, ಕಲ್ಕತ್ತೆಯ ಅಧಿಕಾರ ಇನ್ನೂ ಹನ್ನೆರಡು ವರ್ಷ ಮುಂದಿರುವ ಒಬ್ಬ ಗಂಡ, ಜೊತೆಯಲ್ಲಿ ಹೆಂಡತಿ. ಪಗನಿನಿಗೂ ಆನ್ ಮೂಲೆಗೂ ಸಿಕ್ಕ ಅದೇ ನಿರಾಳ ಇವರಿಗೂ ಸಿಕ್ಕಿದೆ, ಗುಲಗಂಜಿಯಷ್ಟೂ ಹೆಚ್ಚು ಕಡಿಮೆಯಿಲ್ಲ. ನಿನ್ನೆಯಿಂದ ನಾನು ಯೋಚಿಸುತ್ತಿದ್ದುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿರಲಿಲ್ಲ. ಈ ಮೌನ ಕೂತವರ ಗುಣವಲ್ಲ, ಬದುಕಲ್ಲ. ಬರೆಯುವವನಿಗೂ ಬರೆಸಿಕೊಳ್ಳುವವರಿಗೂ ಇಬ್ಬರಿಗೂ ಒಪ್ಪಿಗೆಯಾದ ನಾಲ್ಕು ಗಂಟೆಯದು. ಆಂಗ್ರ್ ತನ್ನ ಗಿರಾಕಿಗಳ ಮನಸ್ಸಿನ ಆಳಕ್ಕಿಳಿದನೆಂದು ಹೊಗಳುವವರ ಮಾತನ್ನು ಇನ್ನುಮುಂದೆ ನಾನು ಹುಷಾರಾಗಿಯೇ ಕೇಳುತ್ತೇನೆ. ಪುಸ್ತಕ ದುಬಾರಿಯಾಗಿತ್ತು, ಆದರೂ ಕೊಂಡೆ.

ಮೊಂತೋಬಾನ್‌ನಿಂದ ತುಲೂಸ್‌ಗೆ ಅರ್ಧ ಗಂಟೆಯ ರೈಲು. ಸಂಜೆ ಮನೆಯಲ್ಲಿ ತಂಗಿಯ ಮಗನನ್ನು ಎದುರಿಗೆ ಕೂರಿಸಿಕೊಂಡು ಪೆನ್ಸಿಲ್ ಚೂಪುಮಾಡಿದೆ. ಅವನು ಪುಣ್ಯಾತ್ಮ, ಫೋನು ಮುಟ್ಟದೆ ಇಪ್ಪತ್ತು ನಿಮಿಷ ಕೂತ. ಇಪ್ಪತ್ತೊಂದನೆಯದಕ್ಕೆ ಕೆಲಸದ ಕರೆ ಬಂತು. ಕಣ್ಣು ಒಂದು ಮಟ್ಟಕ್ಕೆ ಬಂದಿತ್ತು, ಬಾಯಿ ಬರಲಿಲ್ಲ. ಅವನ ಹೆಂಡತಿ ಊಟಕ್ಕೆ ತಟ್ಟೆ ಇಡುತ್ತ ಪಕ್ಕದಲ್ಲಿ ತೆರೆದಿಟ್ಟಿದ್ದ ಪುಸ್ತಕದತ್ತ ಬಗ್ಗಿ ನೋಡಿದಳು. ಅವಳು ಮಡಿಕೇರಿಯ ಕಡೆಯವಳು. ಇವರು ಯಾರು ಎಂದು ಕೇಳಿದವಳಿಗೆ ಹೇಳಿದೆ. ಅವಳು ಪುಸ್ತಕವನ್ನು ದೀಪದ ಕೆಳಕ್ಕೆ ಎಳೆದುಕೊಂಡು ಗಂಡ ಹೆಂಡಿರ ಮುಖಗಳನ್ನು ಒಂದೊಂದಾಗಿ ನೋಡಿದಳು.

"ನೋಡಿದ್ರೆ ಒಳ್ಳೆಯವರ ಹಾಗೇ ಇದ್ದಾರಲ್ಲ ಮಾಮಾ," ಎಂದಳು. "ಚಿತ್ರ ಬರೆದವನಿಗೆ ಎಷ್ಟು ಕೊಟ್ಟಿರಬಹುದು?"